ಗುಡಿಸದೆ ಬಿಟ್ಟ ಅಂಗಳ

ಗುರಸಿದ್ದವ್ವ ತನ್ನ ಅಂಗಳದ ಕಸ ಗುಡಿಸುವುದನ್ನು ಬಿಟ್ಟು ಹನ್ನೊಂದು ತಿಂಗಳಾಗಿತ್ತು. ಬೇವಿನ ಎಲೆ ಉದುರಿ ಒಣಗಿ, ಮಳೆಗೆ ನೆನೆದು ಕೊಳೆತು, ಅದರ ಮೇಲೆ ಹೊಸ ಎಲೆ ಉದುರಿ, ಪಕ್ಕದ ಗಿರಣಿಯಿಂದ ಹಾರಿ ಬಂದ ಹಿಟ್ಟು ಎಲ್ಲದರ ಮೇಲೂ ಕೂತು, ಅಂಗಳ ವಿಭೂತಿ ಬಳಿದುಕೊಂಡ ಹಾಗೆ ಕಾಣುತ್ತಿತ್ತು. ಅವಳು ಹಾಗೆ ಬಿಡುವ ಹೆಂಗಸಲ್ಲ. ಕೋಳಿ ಕೂಗುವುದಕ್ಕೆ ಮೊದಲೇ ಎದ್ದು ತನ್ನ ಮನೆಯ ಮುಂದಿನದಷ್ಟೇ ಅಲ್ಲ, ಎಡಬಲದ ಮನೆಗಳ ಮುಂದಿನ ಕಸವನ್ನೂ ಹೊಡೆದು, ಆಮೇಲೆ ಗಿರಣಿಯ ಬಾಗಿಲು ತೆಗೆಯುತ್ತಿದ್ದವಳು. ಈಗಲೂ ಎಡಬಲದವರ ಅಂಗಳ ಗುಡಿಸುತ್ತಿದ್ದಳು, ತನ್ನದನ್ನು ಮಾತ್ರ ಬಿಟ್ಟಿದ್ದಳು. ವಯಸ್ಸಾಯಿತು ಎಂದರು ಕೆಲವರು. ಹರಕೆ ಇರಬೇಕು ಎಂದರು ಕೆಲವರು. ಎದುರಿಗೆ ನಿಂತು ಯಾರೂ ಕೇಳಲಿಲ್ಲ. ನಮ್ಮ ಊರಿನಲ್ಲಿ ಕೇಳುವ ರೂಢಿ ಕಡಿಮೆ. ನಾನೂ ಕೇಳಲಿಲ್ಲ. ಕೇಳಬೇಕಾಗಿದ್ದವನು ನಾನೊಬ್ಬನೇ ಎಂಬುದು ನನಗೆ ಗೊತ್ತಿರಲಿಲ್ಲ.

ನಮ್ಮ ಊರಿನ ಪಡುವಣಕ್ಕೆ ಒಂದು ಗುಡ್ಡ ಇದೆ. ಗುಡ್ಡದ ನೆತ್ತಿಯಲ್ಲಿ ತುಕ್ಕು ಹಿಡಿದ ಒಂದು ಟವರ್. ಅದಕ್ಕೆ ಹೋಗುತ್ತಿದ್ದ ಕರೆಂಟಿನ ತಂತಿಯನ್ನು ನಾನು ಹುಟ್ಟುವ ಮೊದಲೇ ಬಿಚ್ಚಿಕೊಂಡು ಹೋಗಿದ್ದರಂತೆ. ಆದರೂ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಲ್ಲಿಂದ ಊರಿನ ಆಂಟೆನಾಗಳಿಗೆ ಒಂದು ಚಾನೆಲ್ ಬರುತ್ತದೆ. ಒಂದು ಗಳಿಗೆ ಹೊತ್ತು ಇರುತ್ತದೆ, ಹೋಗುತ್ತದೆ. ಹೆಸರಿಲ್ಲ, ದನಿ ಇಲ್ಲ. ಊರಿನ ಯಾವುದೋ ಒಂದು ಮನೆಯ ಒಳಗು ಅದರಲ್ಲಿ ಕಾಣುತ್ತದೆ: ಒಲೆ, ತೊಟ್ಟಿಲು, ಗೂಡಿನ ದೀಪ, ಅಲ್ಲಿ ಕೂತ ಜನ. ಇವತ್ತು ಯಾರ ಮನೆ ಎಂದು ಮೊದಲೇ ಯಾರಿಗೂ ತಿಳಿಯುವುದಿಲ್ಲ. ಊರೆಲ್ಲ ಯಾರ ಮನೆಯನ್ನು ನೋಡುತ್ತಿದೆಯೋ ಆ ಮನೆಯ ಟಿವಿಯಲ್ಲಿ ಮಾತ್ರ ಬರೀ ಬಿಳಿ ಚುಕ್ಕಿ. ಚುಕ್ಕಿ ಬಂತೆಂದರೆ ಗುಡ್ಡ ನಮ್ಮ ಮನೆಗೆ ಬಂದಿದೆ ಎಂದು ಅರ್ಥ. ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾರೆ, ಗಂಡಸರು ಕಾಲು ಮಡಚಿ ಕೂರುತ್ತಾರೆ, ಮತ್ತೆ ಕೈಯಲ್ಲಿದ್ದ ಕೆಲಸ ಮುಂದುವರಿಸುತ್ತಾರೆ. ತಲೆ ಎತ್ತಿ ಟಿವಿಯ ಕಡೆ ನೋಡುವುದಿಲ್ಲ. ಏನನ್ನೂ ಬೇಡುವುದಿಲ್ಲ. ಅದು ಮರ್ಯಾದೆಯ ಮಾತು.

ನೋಡುವವರಿಗೂ ಒಂದು ಮರ್ಯಾದೆ ಇದೆ. ಕಂಡದ್ದನ್ನು ಆ ಮನೆಯವರ ಹತ್ತಿರ ಆಡಬಾರದು. ಜಗಳ ಕಂಡರೆ ಮುಖ ಗೋಡೆಯ ಕಡೆ ತಿರುಗಿಸಬೇಕು. ಕೊರತೆ ಕಂಡರೆ ಬೆಳಗಾಗುವ ಮೊದಲು ಹೋಗಿ ಅವರ ಹೊಸ್ತಿಲ ಮೇಲೆ ಇಟ್ಟು ಬರಬೇಕು. ಎಣ್ಣೆಯ ಡಬ್ಬಿ ಬರಿದಾಗಿದ್ದು ಕಂಡಿದ್ದರೆ ಎಣ್ಣೆ, ಸೋರುವ ಮೂಲೆ ಕಂಡಿದ್ದರೆ ನಾಲ್ಕು ಹೆಂಚು, ಕೂಸು ಕೆಮ್ಮುವುದು ಕಂಡಿದ್ದರೆ ಒಂದು ಹಿಡಿ ಓಮ. ಇಟ್ಟವರ ಹೆಸರು ಇರುವುದಿಲ್ಲ. ಬೇರೆ ಊರಿನಿಂದ ಸೊಸೆಯಾಗಿ ಬಂದವರು ಮೊದಲ ವರ್ಷ ಅಳುತ್ತಾರೆ. ಆಮೇಲೆ ತವರಿಗೆ ಹೋದಾಗ, ಇಲ್ಲಿ ನಮ್ಮನ್ನು ಯಾರೂ ನೋಡುವುದಿಲ್ಲವಲ್ಲ ಎಂದು ಅವರಿಗೆ ನಿದ್ದೆ ಹತ್ತುವುದಿಲ್ಲವಂತೆ.

ನನ್ನ ಅಪ್ಪ ಮಾನಪ್ಪ ಕಮ್ಮಾರ. ನೇಗಿಲಿನ ಕುಡ, ಕುಡಗೋಲು ಬಡಿಯುತ್ತಲೇ ಊರಿನ ಮನೆಮನೆಗೂ ಅಲ್ಯುಮಿನಿಯಂ ಸಲಾಕೆ ಬಾಗಿಸಿ ಆಂಟೆನಾ ಮಾಡಿಕೊಟ್ಟವನು ಅವನೇ. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಒಂದು ಹೆಂಚಿನ ಮನೆಯ ಮೇಲೆ ಆಂಟೆನಾ ತಿರುಗಿಸಲು ಹತ್ತಿ, ಕಾಲು ಜಾರಿ ಬಿದ್ದು ತೀರಿಹೋದ. ಅವತ್ತು ಅವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿರಲಿಲ್ಲ. ಆಮೇಲೆ ನನ್ನ ಅವ್ವ ಕಾಳವ್ವ ಗುರಸಿದ್ದವ್ವನ ಗಿರಣಿಗೆ ಬರುವ ಕಾಳು ಹಸನು ಮಾಡುತ್ತ ನನ್ನನ್ನು ಬೆಳೆಸಿದಳು. ಇಬ್ಬರೂ ಒಂದೇ ಮೊರದ ಎರಡು ಕಡೆ ಕೂತು ಮುದುಕಿಯರಾದವರು. ನಾನು ಗುರಸಿದ್ದವ್ವನನ್ನು ಚಿಗವ್ವ ಎಂದು ಕರೆಯುತ್ತಿದ್ದುದು ಅದಕ್ಕೇ.

ಆಕಾಶದಿಂದ ಚಾನೆಲ್ ತರುವ ಕಂಪನಿ ನಮ್ಮ ಸೀಮೆಗೆ ಬಂದಾಗ ನಾನು ಹೊರಗೆ ಹೋಗಿ ನಾಲ್ಕು ತಿಂಗಳು ಕೆಲಸ ಕಲಿತು ಬಂದೆ. ಡಿಶ್ ಕೂರಿಸುವುದು, ವೈರು ಎಳೆಯುವುದು, ಬಾಕ್ಸ್ ಜೋಡಿಸುವುದು. ಜನಕ್ಕೆ ಡಿಶ್ ಬೇಕಾಗಿತ್ತು, ಗುಡ್ಡವನ್ನು ಬಿಡಲು ಮಾತ್ರ ಯಾರೂ ತಯಾರಿರಲಿಲ್ಲ. ಇನ್ನೂರು ಚಾನೆಲ್ ಬರುವ ಬಾಕ್ಸಿನಲ್ಲಿ ಅದೊಂದು ಬರಲಿಲ್ಲವೆಂದರೆ ಆ ಬಾಕ್ಸ್ ಯಾಕೆ ಎಂದು ಮಠದ ಸ್ವಾಮಿಗಳಾದ ಅಜ್ಜನೇ ಕೇಳಿದರು. ಕಂಪನಿಗೆ ಫೋನು ಮಾಡಿದೆ. ಅಂಥ ಚಾನೆಲ್ ನಮ್ಮ ಪಟ್ಟಿಯಲ್ಲಿಲ್ಲ ಎಂದರು. ಬಾಕ್ಸನ್ನು ಹಿಂದುಮುಂದಾಗಿಸಿ ನೋಡಿದಾಗ ಬೆನ್ನಿನಲ್ಲಿ ಎರಡು ತೂತು ಕಂಡವು: ಒಂದು ಡಿಶ್‌ನ ವೈರಿಗೆ, ಇನ್ನೊಂದು ಹಳೆಯ ಆಂಟೆನಾದ ವೈರಿಗೆ. ಅಪ್ಪ ಮಾಡಿದ ಆಂಟೆನಾದಿಂದ ವೈರು ಇಳಿಸಿ ಎರಡನೆಯ ತೂತಿಗೆ ಸಿಕ್ಕಿಸಿ, ಸಂಜೆ ಹೊತ್ತಿನಲ್ಲಿ ಚಾನೆಲ್ ಹುಡುಕಲು ಬಿಟ್ಟರೆ, ಎಲ್ಲ ನಂಬರುಗಳು ಮುಗಿದ ಮೇಲೆ ಹೆಸರಿಲ್ಲದ ಒಂದು ಖಾಲಿ ಗೆರೆ ಬಂದು ಕೂರುತ್ತಿತ್ತು. ಅದೇ ಗುಡ್ಡ. ಸಂಜೆ ಬಿಟ್ಟು ಬೇರೆ ಹೊತ್ತಿನಲ್ಲಿ ಹುಡುಕಿದರೆ ಸಿಗುತ್ತಿರಲಿಲ್ಲ. ಹೀಗಾಗಿ ನನ್ನ ಕೆಲಸದ ಕೊನೆಯ ಭಾಗ ಯಾವಾಗಲೂ ದೀಪ ಹಚ್ಚುವ ಹೊತ್ತಿಗೇ. ನಾನು ಮಾಳಿಗೆಯ ಮೇಲೆ ಆಂಟೆನಾ ತಿರುಗಿಸುತ್ತ, ಬಂತೇನ್ರಿ ಎಂದು ಕೇಳುವುದು. ಕೆಳಗಿನಿಂದ ಮನೆಯವರು, ಬಂತು ಎನ್ನುವುದು. ಇಳಿದು ಬಂದು ನಾನೂ ಒಂದು ಕ್ಷಣ ಆ ಮನೆಯ ಟಿವಿಯಲ್ಲಿ ನೋಡಿ, ಕೈ ಮುಗಿದು, ಚಹಾ ಕುಡಿದು ಬರುತ್ತಿದ್ದೆ. ಇದು ಅವ್ವನಿಗೆ ಚೆನ್ನಾಗಿ ಗೊತ್ತಿತ್ತು.

ಆ ಬಾಕ್ಸಿನಲ್ಲಿ ರೆಕಾರ್ಡ್ ಆಗುತ್ತದೆ ಎಂಬುದು ತಿಳಿದ ಮೇಲೆ ಊರಿನಲ್ಲಿ ದೊಡ್ಡ ಯೋಚನೆ ಹತ್ತಿತು. ಬೇಡ ಎಂದವರೂ ಇದ್ದರು. ಆದರೆ ಸಂಜೆ ಪಾಳಿಯವರು, ಬಸ್ಸಿನ ಕೆಲಸದವರು, ಗಿರಣಿ ನಡೆಸುವ ಗುರಸಿದ್ದವ್ವನಂಥವರು ಆ ಹೊತ್ತಿಗೆ ಮನೆಯಲ್ಲಿರುವುದಿಲ್ಲ. ನೋಡದಿದ್ದರೆ ಇಡುವುದು ಹೇಗೆ? ಒಂದು ಮನೆಯ ಕೊರತೆ ತಮ್ಮ ಕಣ್ಣು ತಪ್ಪಿಹೋಯಿತಲ್ಲ ಎಂಬ ಸಂಕಟ ಅವರದು. ಮಠದ ಅಜ್ಜ ಮೂರು ದಿನ ಸುಮ್ಮನಿದ್ದು ನಾಲ್ಕನೆಯ ದಿನ ಹೇಳಿದರು, “ಇಟ್ಟುಕೊಳ್ರಿ. ಒಂದ ಸಲ ನೋಡ್ರಿ. ಮುಂಜಾನಿ ಅಂಗಳದ ಕಸಾ ಹೊಡಿಯೂಕಿಂತ ಮೊದ್ಲ ಅದನ್ನ ಅಳಿಸಿಬಿಡ್ರಿ. ಬ್ಯಾರೇದವರ ಮನಿ ನಿಮ್ಮ ಮನ್ಯಾಗ ಕಸಾ ಹೊಡಿಯೂತನಕ ಅಷ್ಟ ಇರಬೇಕು.” ಎಲ್ಲರೂ ಒಪ್ಪಿದರು. ಬೆಳಗಿನ ಜಾವ ಊರಿನಲ್ಲಿ ಮೊದಲು ರಿಮೋಟಿನ ಗುಂಡಿ, ಆಮೇಲೆ ಕಸಬರಿಗೆಯ ಸದ್ದು. ಮೊದಲ ರೆಕಾರ್ಡಿಂಗ್ ಬಾಕ್ಸ್ ಕೂರಿಸಿದ್ದು ಚಿಗವ್ವನ ಮನೆಗೇ.

ಇನ್ನು ನನ್ನ ಅವ್ವನ ಮಾತು ಹೇಳಬೇಕು.

ಅವ್ವನಿಗೆ ಎರಡು ವರ್ಷದಿಂದ ಉಬ್ಬಸ ಇತ್ತು. ನಾಲ್ಕು ಹೆಜ್ಜೆ ನಡೆದರೆ ಕಂಬ ಹಿಡಿದು ನಿಲ್ಲುತ್ತಿದ್ದಳು. ಆದರೂ ದಿನಾ ನಾನು ಚೀಲ ಹೆಗಲಿಗೆ ಹಾಕುವಾಗ ಗೂಟಕ್ಕೆ ತೂಗು ಹಾಕಿದ್ದ ಹಗ್ಗದ ಕಡೆ ಕೈ ತೋರಿಸುವಳು. ಅದು ಅಪ್ಪನದೇ ಹಗ್ಗ. ಅವನು ಸತ್ತ ದಿನವೂ ಅದೇ ಗೂಟದಲ್ಲಿ ತೂಗುತ್ತಿತ್ತಂತೆ. “ಕಟ್ಟಿಕೊಂಡ ಹತ್ತೋ ಯಪ್ಪಾ” ಎನ್ನುವಳು. ಕಟ್ಟಿಕೊಂಡರೆ ಕಾಲಿಗೆ ತೊಡರುತ್ತದೆ, ಕೆಲಸ ಸಾಗುವುದಿಲ್ಲ ಎಂದು ನಾನು ಹೊರಟುಬಿಡುತ್ತಿದ್ದೆ. ಕಡೆಕಡೆಗೆ ಅವಳು ಬಾಯಿ ಬಿಟ್ಟು ಹೇಳುವುದನ್ನು ನಿಲ್ಲಿಸಿ ಬರೀ ಕೈ ತೋರಿಸುತ್ತಿದ್ದಳು. ನಾನು ಆ ಕೈಯನ್ನೂ ನೋಡದೆ ಚಪ್ಪಲಿ ಮೆಟ್ಟುತ್ತಿದ್ದೆ.

ಆ ದಿನ ಕಂಡಕ್ಟರ್ ಫಕ್ಕೀರಪ್ಪನವರ ಮಾಳಿಗೆಯ ಮೇಲಿದ್ದೆ. ಹೊತ್ತು ಮುಳುಗಿತ್ತು. ಆಂಟೆನಾ ತಿರುಗಿಸಿ, ಬಂತೇನ್ರಿ ಎಂದು ಕೂಗಿದೆ. ಉತ್ತರ ಇಲ್ಲ. ಮತ್ತೆ ಕೂಗಿದೆ. ಸ್ವಲ್ಪ ಹೊತ್ತಿಗೆ ಫಕ್ಕೀರಪ್ಪನವರು ಹೊರಗೆ ಬಂದರು. ಮುಖ ಒಂದು ನಮೂನೆ ಆಗಿತ್ತು. ಏಣಿಯನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿದುಕೊಂಡು, “ಸಾಕ ಇವತ್ತಿಗೆ. ಇಳಿ ಮೌನೇಶಾ. ಸಾವಕಾಶ ಇಳಿ” ಎಂದರು. ನನ್ನ ಪಾದ ನೆಲ ಮುಟ್ಟುವವರೆಗೂ ಏಣಿ ಬಿಡಲಿಲ್ಲ. ಒಳಗೆ ಹೋಗಿ ನೋಡೋಣವೆಂದರೆ ಟಿವಿ ಆರಿಸಿದ್ದರು. ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟರು. ಕುಡಿದು, ಅವರ ಬಸ್ಸಿನ ಸುದ್ದಿ ಕೇಳಿ, ನಿಧಾನವಾಗಿ ಮನೆಗೆ ಬಂದೆ.

ಅವ್ವ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದಳು. ತೊಡೆಯ ಮೇಲೆ ಬೇಳೆಯ ತಟ್ಟೆ. ಟಿವಿ ಉರಿಯುತ್ತಿತ್ತು, ಅದರಲ್ಲಿ ಏನೂ ಇರಲಿಲ್ಲ. ಕರೆದೆ. ಮುಟ್ಟಿದೆ. ಹೋಗಿ ಹೆಚ್ಚು ಹೊತ್ತಾಗಿರಲಿಲ್ಲ, ಕಂಕುಳು ಇನ್ನೂ ಬೆಚ್ಚಗಿತ್ತು. ಆಮೇಲೆ ಕಂಡದ್ದು ಹಗ್ಗ. ಅಪ್ಪನ ಹಗ್ಗದ ಒಂದು ತುದಿ ಅವಳ ಸೊಂಟಕ್ಕೆ, ಇನ್ನೊಂದು ತುದಿ ಕಂಬಕ್ಕೆ.

ನಾನು ಅದನ್ನು ಬಿಚ್ಚಿದೆ. ಯಾರನ್ನೂ ಕರೆಯುವ ಮೊದಲು ಬಿಚ್ಚಿ, ಸುತ್ತಿ, ಅಟ್ಟದ ಮೇಲೆ ಎಸೆದೆ. ಹಿಡಿದುಕೊಳ್ಳಲು ಮನೆಯಲ್ಲಿ ಒಬ್ಬರೂ ಇಲ್ಲದೆ, ತಲೆ ತಿರುಗಿ ಬಿದ್ದೇನೆಂದು ಹೆದರಿ, ನನ್ನ ಅವ್ವ ತನ್ನನ್ನು ತಾನೇ ಕಂಬಕ್ಕೆ ಕಟ್ಟಿಕೊಂಡಿದ್ದಳು. ಹಾಗೆಂದು ನನಗೆ ಆ ಕ್ಷಣವೇ ಹೊಳೆಯಿತು, ಹೊಳೆದದ್ದು ಎದೆಯಲ್ಲಿ ಕೂತಿತು. ಆ ಹೊತ್ತಿಗೆ ನಾನು ಯಾರದೋ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದೆ.

ಮರುದಿನ ಬೆಳಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಹಗ್ಗಗಳು. ಅಕ್ಕಿ ಇಲ್ಲ, ಎಣ್ಣೆ ಇಲ್ಲ, ಸಾವಿನ ಮನೆಗೆ ಇಡುವ ಬೆಲ್ಲ ಇಲ್ಲ. ನಾರಿನ ಹಗ್ಗ, ನೂಲಿನ ಹಗ್ಗ, ಬಾವಿಯ ಮಿಣಿ, ಎತ್ತಿನ ಕಣ್ಣಿ, ಅಂಗಡಿಯ ಚೀಟಿ ಹರಿಯದ ಹೊಸ ನೈಲಾನು. ಎಣಿಸಿದೆ, ಹತ್ತೊಂಬತ್ತು ಇದ್ದವು. ಅಂದರೆ ಅವತ್ತು ಗುಡ್ಡ ನಮ್ಮ ಮನೆಗೇ ಬಂದಿತ್ತು. ಅವ್ವ ತನ್ನನ್ನು ಕಟ್ಟಿಕೊಳ್ಳುವುದನ್ನು ಊರೆಲ್ಲ ಕಂಡಿತ್ತು. ಕಂಡು, ಬಾಯಿಬಿಟ್ಟು ಹೇಳಲು ಮರ್ಯಾದೆ ಅಡ್ಡ ಬಂದು, ಹೇಳಬೇಕಾದ್ದನ್ನು ಹೀಗೆ ತಂದು ನನ್ನ ಹೊಸ್ತಿಲ ಮೇಲೆ ಇಟ್ಟಿತ್ತು. ನೀನು ಇರಬೇಕಾದಲ್ಲಿ ಹಗ್ಗ ಇತ್ತು ಎಂದು. ನಾನು ಅಷ್ಟನ್ನೂ ಬಾಚಿ ಅಟ್ಟಕ್ಕೆ ಹಾಕಿ, ಅವ್ವನನ್ನು ಮಣ್ಣಿಗೆ ಇಟ್ಟು ಬಂದೆ.

ಅಲ್ಲಿಂದ ಮುಂದಿನ ಹನ್ನೊಂದು ತಿಂಗಳು ನಾನು ಜನರ ಮುಖ ನೋಡಿ ಮಾತಾಡಲಿಲ್ಲ. ನಮ್ಮ ಮನೆಯ ಬಾಕ್ಸ್‌ನಲ್ಲೂ ಆ ಸಂಜೆ ರೆಕಾರ್ಡ್ ಆಗಿತ್ತು. ಬರೀ ಬಿಳಿ ಚುಕ್ಕಿ. ಒಂದು ಗಳಿಗೆಯ ಆ ಚುಕ್ಕಿಗಳನ್ನು ನಾನು ಎಷ್ಟು ಸಲ ನೋಡಿದೆನೋ. ಎಲ್ಲಾದರೂ ಒಂದು ಕೈ ಕಂಡೀತೇ, ಬಾಯಿ ಆಡಿದ್ದು ಕಂಡೀತೇ ಎಂದು. ನನ್ನನ್ನು ಕರೆದಳೇ, ನೀರು ಬೇಡಿದಳೇ, ಎಷ್ಟು ಹೊತ್ತು ಒದ್ದಾಡಿದಳು? ಅದೊಂದು ತಿಳಿಯದೆ ನನಗೆ ಅನ್ನ ಸೇರುತ್ತಿರಲಿಲ್ಲ. ರಿಪೇರಿಗೆ ಹೋದ ಮನೆಗಳಲ್ಲಿ, ಮನೆಯವರು ಅತ್ತ ತಿರುಗಿದಾಗ, ಕಳ್ಳನ ಹಾಗೆ ರೆಕಾರ್ಡಿಂಗ್ ಪಟ್ಟಿ ತೆಗೆದು ನೋಡಿದೆ. ಎಲ್ಲ ಮನೆಯ ಪಟ್ಟಿಯೂ ಖಾಲಿ. ನಮ್ಮ ಜನ ನೇಮದವರು, ಅಳಿಸಿದ್ದರು.

ಇನ್ನೊಂದು ಕಾಟ ಹತ್ತಿತ್ತು. ಎಲ್ಲಿ ಏಣಿ ಇಟ್ಟರೂ ಮನೆಯವರು ಓಡಿ ಬಂದು ಹಿಡಿಯುವರು. ಮೇಲೆ ಹತ್ತಿದರೆ ಒಬ್ಬರು ಹಿಂದೆಯೇ ಹತ್ತಿ ಅಂಗಿಯ ತುದಿ ಹಿಡಿದು ನಿಲ್ಲುವರು. ಒಬ್ಬ ಅಜ್ಜಿಯಂತೂ ತನ್ನ ಸೀರೆಯನ್ನೇ ಬಿಗಿದು ಹೊಸೆದು ತಂದು ಸೊಂಟಕ್ಕೆ ಕಟ್ಟಿಕೋ ಎಂದಳು. ನಾನೇನು ಕೂಸೇನು ಎಂದು ಸಿಡುಕಿದೆ. ಅವ್ವನನ್ನು ಹಿಡಿಯದವನಿಗೆ ಇವರು ಹಿಡಿಯುವುದು ಹೇಗೆಂದು ಕಲಿಸುತ್ತಿದ್ದಾರೆ ಎಂದುಕೊಂಡೆ. ಹಟಕ್ಕೆ ಬಿದ್ದು ಹಗ್ಗವಿಲ್ಲದೆ ಇನ್ನೂ ಎತ್ತರಕ್ಕೆ ಹತ್ತಿದೆ. ಎರಡು ಸಲ ಕಾಲು ಜಾರಿತು. ಎರಡು ಸಲವೂ ಯಾರದೋ ಕೈ ಅಲ್ಲಿತ್ತು.

ಚಿಗವ್ವನ ಮನೆಯ ಕಡೆ ಹೋಗುವುದನ್ನೇ ಬಿಟ್ಟಿದ್ದೆ. ಬೇರೆಯವರು ಹಗ್ಗ ಇಟ್ಟು ಸುಮ್ಮನಾದರು, ಇವಳು ಬೈದೇ ಬೈಯುತ್ತಾಳೆ ಎಂಬ ಹೆದರಿಕೆ. ಗಿರಣಿಯ ಮುಂದೆ ಸೈಕಲ್ ತುಳಿದು ಹೋಗುವಾಗ ಹುಬ್ಬಿನ ಮೇಲೆ ಹಿಟ್ಟು ಹೊತ್ತುಕೊಂಡು ಬಾಗಿಲಿಗೆ ಬಂದು, ಒಂದು ಸಲ ಬಂದು ಹೋಗೋ ಎನ್ನುತ್ತಿದ್ದಳು. ನಾಳೆ ಬರುತ್ತೇನೆ ಎಂದು ಪೆಡಲ್ ಜೋರು ತುಳಿಯುತ್ತಿದ್ದೆ.

ಹೀಗಿರುವಾಗ ಕಂಪನಿಯಿಂದ ಹುಕುಂ ಬಂತು. ಹಳೆಯ ಬಾಕ್ಸ್‌ಗಳನ್ನೆಲ್ಲ ವಾಪಸು ಕಳಿಸಿ ಹೊಸದು ಕೂರಿಸಬೇಕು, ತಿಂಗಳ ಕೊನೆಯ ದಿನದವರೆಗೆ ಗಡುವು. ಹಳೆಯದರಲ್ಲಿ ಇದ್ದದ್ದು ಹೊಸದಕ್ಕೆ ಬರುವುದಿಲ್ಲ. ನಮ್ಮ ಊರಿನಲ್ಲಿ ಯಾರಿಗೂ ಇದರಿಂದ ತೊಂದರೆ ಇರಲಿಲ್ಲ. ನಮ್ಮ ಮನೆಯ ಚುಕ್ಕಿ ಬಿಟ್ಟರೆ ಯಾರ ಬಾಕ್ಸಿನಲ್ಲೂ ಏನೂ ಉಳಿದಿರಲಿಲ್ಲ. ಎಲ್ಲ ಮನೆ ಮುಗಿಸಿದೆ. ಚಿಗವ್ವನದೊಂದು ಉಳಿಯಿತು. ಹೇಳಿ ಕಳಿಸಿದರೆ ನನಗೆ ಹೊಸದು ಬೇಡ ಎಂದಳಂತೆ. ಮತ್ತೆ ಹೇಳಿ ಕಳಿಸಿದೆ. ಬಿಚ್ಚುವುದಾದರೆ ಮೌನೇಶನೇ ಬಂದು ಬಿಚ್ಚಲಿ ಎಂದಳಂತೆ. ಗಡುವಿನ ಕೊನೆಯ ದಿನ, ಬಿಸಿಲು ಇನ್ನೂ ಅಂಗಳಕ್ಕೆ ಇಳಿಯದ ಹೊತ್ತಿನಲ್ಲಿ, ಹೊಸ ಬಾಕ್ಸ್ ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಅಂಗಳದ ಎಲೆಗಳು ಪಾದ ಮುಚ್ಚುವಷ್ಟಿದ್ದವು.

ಚಿಗವ್ವ ಹೊಸ್ತಿಲ ಒಳಗೆ ಕೂತಿದ್ದಳು. ನನ್ನನ್ನು ಕಂಡು ಎದ್ದು ನೀರು ತಂದುಕೊಟ್ಟಳು. ಬೈಯಲಿಲ್ಲ. ನಾನು ತಲೆ ತಗ್ಗಿಸಿಕೊಂಡು ಬಾಕ್ಸಿನ ಹಿಂದಿನ ವೈರಿಗೆ ಕೈ ಹಾಕಿದೆ.

“ಬಿಚ್ಚೂಕಿಂತ ಮೊದ್ಲ ನನ್ನ ಏನರ ಕೇಳೂದೈತೇನ?” ಎಂದಳು.

ಏನು ಕೇಳಲಿ ಎಂದೆ.

“ನಾ ಹೆಂಗ ಹೇಳಲಿ. ನೋಡಿದಾಕಿ ನಾ. ನೋಡಿದವರು ತಾವಾಗಿ ಆಡಬಾರದು. ನೀ ಕೇಳಿದ್ರ ಮಾತು ಬ್ಯಾರೆ.” ಅವಳು ಅಂಗಳದ ಕಡೆ ನೋಡಿದಳು. “ಹನ್ನೊಂದ ತಿಂಗಳಾತು ಕಸಾ ಹೊಡದಿಲ್ಲ. ಇದ್ಯಾಕ ಚಿಗವ್ವಾ ಅಂತ ನೀ ಒಂದ ಮಾತು ಕೇಳ್ತಿ ಅನಕೊಂಡಿದ್ನಿ. ಎಲ್ಲಾರ ಮನಿ ಮಾಳಗಿ ಹತ್ತಾವ ನೀ. ನನ್ನ ಅಂಗಳ ನಿನ್ನ ಕಣ್ಣಿಗೆ ಬೀಳಲಿಲ್ಲ ನೋಡು.”

ನನ್ನ ಕೈ ವೈರಿನ ಮೇಲೆಯೇ ನಿಂತಿತು. ಕಸ ಹೊಡೆಯುವುದಕ್ಕಿಂತ ಮೊದಲು ಅಳಿಸಬೇಕು. ಕಸವನ್ನೇ ಹೊಡೆಯದಿದ್ದರೆ ಅಳಿಸುವ ಹೊತ್ತು ಬಂದಿರುವುದಿಲ್ಲ. ಅಜ್ಜನ ಮಾತನ್ನು ಅವಳು ಮುರಿದಿರಲಿಲ್ಲ. ಹನ್ನೊಂದು ತಿಂಗಳು ಒಂದೇ ಬೆಳಗಿನಲ್ಲಿ ಕೂತಿದ್ದಳು. ಊರು ವಯಸ್ಸಾಯಿತು ಎಂದದ್ದನ್ನು ಕೇಳಿಸಿಕೊಂಡು, ಕಾಲಲ್ಲಿ ಎಲೆ ತುಳಿದುಕೊಂಡು ಗಿರಣಿಗೆ ಹೋಗಿ ಬಂದಿದ್ದಳು. ರಿಮೋಟು ತೆಗೆದು ಪಟ್ಟಿ ನೋಡಿದೆ. ಒಂದೇ ಗೆರೆ. ಹೆಸರು ಇರಬೇಕಾದಲ್ಲಿ ಖಾಲಿ. ತಾರೀಖು ಅವ್ವ ಹೋದ ದಿನದ್ದು.

“ಚಿಗವ್ವಾ, ನಮ್ಮವ್ವ ಅವತ್ತ ಏನ ಮಾಡಿದ್ಲು?” ಎಂದು ಕೇಳಿದೆ. ಹನ್ನೊಂದು ತಿಂಗಳು ಎದೆಯಲ್ಲಿದ್ದು ನನ್ನ ಬಾಯಿಂದ ಬಂದ ಮಾತು ಅದು.

“ನೋಡು. ನಾ ಒಂದ ಸಲ ನೋಡೇನಿ. ನನ್ನದು ಮುಗೀತು” ಎಂದು ಅವಳು ಹೊರಗೆ ಹೋಗಿ ಕಟ್ಟೆಯ ಮೇಲೆ ಬಾಗಿಲಿಗೆ ಬೆನ್ನು ಮಾಡಿ ಕೂತಳು.

ಗುಂಡಿ ಒತ್ತಿದೆ. ನಮ್ಮ ಊರಿನಲ್ಲಿ ಯಾರೂ ಕಾಣದ್ದನ್ನು ನಾನು ಕಂಡೆ: ನನ್ನದೇ ಮನೆಯನ್ನು. ನಡುಮನೆ, ಗೂಡು, ಗೂಟ, ಗೋಡೆಯ ಮೇಲೆ ನನ್ನ ಎಣ್ಣೆತಲೆಯ ಕಲೆ. ಅವ್ವ ಕಂಬದ ಹತ್ತಿರ ಕೂತು ಬೇಳೆ ಆರಿಸುತ್ತಿದ್ದಾಳೆ. ಟಿವಿಯಲ್ಲಿ ಚುಕ್ಕಿ ಬಂದದ್ದು ಅವಳಿಗೆ ತಿಳಿಯಿತು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಎಲ್ಲರ ಹಾಗೆ ತಟ್ಟೆಗೆ ಕೈ ಹಾಕಿದಳು. ಎರಡು ಕಲ್ಲು ತೆಗೆದಳು. ಆಮೇಲೆ ಕೈ ನಿಂತಿತು. ಎಷ್ಟೋ ಹೊತ್ತು ಹಾಗೇ ಕೂತು, ತಲೆ ಎತ್ತಿ, ನೇರವಾಗಿ ನನ್ನನ್ನು ನೋಡಿದಳು.

ಯಾರೂ ಹಾಗೆ ನೋಡಿದ್ದಿಲ್ಲ. ಅವಳಿಗೆ ನಾಚಿಕೆಯಾಗುತ್ತಿದ್ದುದು ಕಾಣುತ್ತಿತ್ತು. ಕಂಬ ಹಿಡಿದು ಎದ್ದಳು. ಗೂಟದವರೆಗೆ ಐದು ಹೆಜ್ಜೆ. ಎರಡು ಕಡೆ ನಿಂತು ಉಸಿರು ಎಳೆದಳು. ಅಪ್ಪನ ಹಗ್ಗ ತೆಗೆದು ಎರಡೂ ಕೈಯಲ್ಲಿ ಎತ್ತಿ ತೋರಿಸಿದಳು, ದೇವರ ಮುಂದೆ ಹೂವಿನ ಸರ ಎತ್ತಿ ತೋರಿಸುವ ಹಾಗೆ. ಆಮೇಲೆ ಅದರ ತುದಿಯನ್ನು ತನ್ನ ಸೊಂಟಕ್ಕೆ ಸುತ್ತಿ ಗಂಟು ಹಾಕಿದಳು. ಅದು ಅಪ್ಪ ಹಾಕುತ್ತಿದ್ದ ಗಂಟು. ಅವನ ಹಾಗೆಯೇ ಎರಡು ಸಲ ಜಗ್ಗಿ ನೋಡಿದಳು. ಇನ್ನೊಂದು ತುದಿಯನ್ನು ಕಂಬಕ್ಕೆ ಕಟ್ಟಿದಳು. ನಿಂತುಕೊಂಡು, ಬೆರಳನ್ನು ಮೇಲೆ ಮಾಳಿಗೆಯ ಕಡೆ ತೋರಿಸಿದಳು. ಆಮೇಲೆ ಅಂಗೈಯನ್ನು ತನ್ನ ಮೊಣಕಾಲಿನ ಎತ್ತರಕ್ಕೆ ಹಿಡಿದಳು. ಮಗ ಎನ್ನಬೇಕಾದಾಗಲೆಲ್ಲ ಅವಳು ಹಿಡಿಯುತ್ತಿದ್ದುದೇ ಅಷ್ಟು ಎತ್ತರ. ತಾನು ಮಾಡಿದ್ದು ತನಗೇ ಹೊಳೆದು ನಕ್ಕಳು. ನಕ್ಕು, ಕೈಯನ್ನು ತಲೆಯ ಮೇಲಿನವರೆಗೆ ಎತ್ತಿದಳು, ಇಷ್ಟು ಉದ್ದ ಇದ್ದಾನೆ ಎಂದು. ಆಮೇಲೆ ಕೈ ಮುಗಿದಳು. ನನಗಲ್ಲ. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಮನೆ ತುಂಬ ಜನ ನಿಂತಿದ್ದಾರೆ ಎಂಬ ಹಾಗೆ ಎಲ್ಲರಿಗೂ ಮುಗಿದಳು. ನಮ್ಮ ಮನೆಯಲ್ಲಿ ಬೇಳೆ ಮುಗಿಯುತ್ತ ಬಂದಿತ್ತು, ಉಬ್ಬಸದ ಔಷಧಿಯ ಸೀಸೆ ಗೂಡಿನಲ್ಲಿ ಬರಿದಾಗಿ ನಿಂತದ್ದು ಕಾಣುತ್ತಿತ್ತು. ಅದರ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ಕಡೆಗೆ ಮತ್ತೆ ನೇರ ನೋಡಿದಳು. ಈ ನೋಟ ಊರಿಗಲ್ಲ, ನನಗೆ. ಯಾವುದೋ ಮಾಳಿಗೆಯಿಂದ ಇಳಿದು ಬಂದು ಯಾರದೋ ಟಿವಿಯ ಮುಂದೆ ನಾನು ನಿಂತಿರುತ್ತೇನೆ ಎಂದು ಅವಳಿಗೆ ಗೊತ್ತಿತ್ತಲ್ಲ. ಸೊಂಟದ ಹಗ್ಗವನ್ನು ಒಂದು ಸಲ ತಟ್ಟಿ ತೋರಿಸಿದಳು. ಬಾಯಿ ಆಡಿತು. ದನಿ ಇಲ್ಲದಿದ್ದರೂ ಆ ಮಾತು ನನಗೆ ಗೊತ್ತಿದ್ದದ್ದೇ. ಆಮೇಲೆ ಕಂಬಕ್ಕೆ ಒರಗಿ ಕೂತು ತಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ನಾಲ್ಕು ಕಾಳು ಆರಿಸಿದಳು. ಕೈ ನಿಧಾನವಾಯಿತು. ಕಣ್ಣು ಮುಚ್ಚಿ ತಲೆಯನ್ನು ಕಂಬಕ್ಕೆ ಆನಿಸಿದಳು, ದಣಿದ ಮುದುಕಿ ಸಂಜೆ ಹೊತ್ತು ತೂಕಡಿಸುವ ಹಾಗೆ. ಒದ್ದಾಟವಿಲ್ಲ. ಊರು ಕಂಡದ್ದು ಒಂದು ತೂಕಡಿಕೆಯನ್ನು. ಹಗ್ಗ ಅವಳ ಮಡಿಲಿನಿಂದ ಕಂಬದವರೆಗೆ ನೆಲದ ಮೇಲೆ ಸಡಿಲವಾಗಿ ಬಿದ್ದಿತ್ತು. ಅದು ಅವಳನ್ನು ಹಿಡಿದಿರಲಿಲ್ಲ. ಬಿಚ್ಚುವಾಗ ನನ್ನ ಕೈಗೆ ಅಷ್ಟೂ ತಿಳಿದಿರಲಿಲ್ಲ.

ಚಿತ್ರ ಮುಗಿಯಿತು. ಕಂಕುಳಲ್ಲಿ ತಂದ ಹೊಸ ಬಾಕ್ಸ್ ನೆಲದ ಮೇಲಿತ್ತು. ಆಮೇಲೆ ಹೊರಗೆ ಹೋಗಿ ಚಿಗವ್ವನ ಕಾಲ ಬಳಿ ಕೂತೆ.

“ಹಗ್ಗ ಸಡ್ಲ ಇತ್ತು” ಎಂದೆ.

“ಹೂಂ.”

“ಅವರು ಇಟ್ಟ ಹಗ್ಗ ನನ್ನ ಬೈದಂಗ ಅನಕೊಂಡಿದ್ನಿ.”

ಚಿಗವ್ವ ನನ್ನ ತಲೆಯ ಮೇಲೆ ಹಿಟ್ಟಿನ ಕೈ ಇಟ್ಟಳು. “ಹುಚ್ಚಪ್ಪಾ. ಈ ಊರಾಗ ಹುಟ್ಟಿದವರು ಯಾರೂ ಗುಡ್ಡದ ಮುಂದ ಬಾಯಿಬಿಟ್ಟ ಬೇಡಿದ್ದಿಲ್ಲ. ಆಕಿ ನಿನ್ನ ಸಲುವಾಗಿ ಬೇಡಿದ್ಲು. ಇಲ್ಲ ಅನ್ನಾಕ ಯಾರಿಗೆ ಬರ್ತೈತಿ?” ಎಂದಳು.

ಒಳಗೆ ಹೋಗಿ ರಿಮೋಟು ಕೈಗೆ ತೆಗೆದುಕೊಂಡೆ. ಇನ್ನೊಂದು ಸಲ ನೋಡಬಹುದಿತ್ತು. ಚಿಗವ್ವ ಬೇಡ ಎನ್ನುತ್ತಿರಲಿಲ್ಲ. ಅಳಿಸಲೇ ಎಂದು ಬಾಕ್ಸ್ ಕೇಳಿತು, ಖಾತ್ರಿಯೇ ಎಂದು ಮತ್ತೊಮ್ಮೆ ಕೇಳಿತು. ಕೈ ಮುಗಿದು ಒತ್ತಿದೆ. ಪಟ್ಟಿ ಊರಿನ ಎಲ್ಲ ಪಟ್ಟಿಗಳ ಹಾಗೆ ಖಾಲಿಯಾಯಿತು. ಹಳೆಯ ಬಾಕ್ಸ್ ಬಿಚ್ಚಿ ಹೊಸದನ್ನು ಕೂರಿಸಿ, ಎರಡನೆಯ ತೂತಿಗೆ ಅಪ್ಪನ ಆಂಟೆನಾದ ವೈರು ಸಿಕ್ಕಿಸಿದೆ. ಅಷ್ಟು ಹೊತ್ತಿಗೆ ಚಿಗವ್ವ ಮೂಲೆಯಿಂದ ಕಸಬರಿಗೆ ತೆಗೆದು ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಳು. ಅದನ್ನು ಅವಳ ಕೈಯಿಂದ ತೆಗೆದುಕೊಂಡೆ. ಹನ್ನೊಂದು ತಿಂಗಳ ಎಲೆ. ಮೇಲಿನದು ಗಲಗಲ ಎನ್ನುತ್ತಿತ್ತು, ಒಳಗಿನದು ಕಪ್ಪಗೆ ಹಸಿಯಾಗಿ ಗೊಬ್ಬರದ ವಾಸನೆ ಬೀರುತ್ತಿತ್ತು. ಬಾಗಿಲಿನಿಂದ ಬೀದಿಯವರೆಗೆ ಗುಡಿಸಿ ನಾಲ್ಕು ಬುಟ್ಟಿ ತುಂಬಿಸಿದೆ. ನೀರಿಗೆ ಹೊರಟಿದ್ದ ಹೆಂಗಸರು ಗುಡಿಸಿದ ನೆಲ ಕಂಡು ನಿಂತರು. ಒಬ್ಬಳು ಕೊಡ ಇಳಿಸಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಮತ್ತೆ ಕೊಡ ಎತ್ತಿಕೊಂಡು ಹೋದಳು.

ಮನೆಗೆ ಹೋಗಿ ಅಟ್ಟದಿಂದ ಇಪ್ಪತ್ತು ಹಗ್ಗಗಳನ್ನು ಇಳಿಸಿದೆ. ಹತ್ತೊಂಬತ್ತು ಊರಿನವು, ಒಂದು ಅಪ್ಪನದು. ಧೂಳು ಝಾಡಿಸಿ ಬಿಸಿಲಿಗೆ ಹಾಕಿದೆ.

ಅವತ್ತು ಸಂಜೆ ಫಕ್ಕೀರಪ್ಪನವರ ಮನೆಯಲ್ಲಿ ಕೆಲಸವಿತ್ತು. ಹೊಸ ಬಾಕ್ಸ್‌ಗೆ ಗುಡ್ಡ ಸರಿಯಾಗಿ ಸಿಗುತ್ತಿಲ್ಲವೆಂದು ಹೇಳಿ ಕಳಿಸಿದ್ದರು. ಏಣಿ ಇಟ್ಟ ಕೂಡಲೇ ಎಂದಿನಂತೆ ಬಂದು ಹಿಡಿದು ನಿಂತರು, ಎಂದಿನಂತೆ ನಾನು ಸಿಡುಕುವುದನ್ನು ಕಾಯುತ್ತ. ನಾನು ಚೀಲದಿಂದ ಅಪ್ಪನ ಹಗ್ಗ ತೆಗೆದೆ. ಸೊಂಟಕ್ಕೆ ಸುತ್ತಿ, ಗಂಟು ಹಾಕಿ, ಎರಡು ಸಲ ಜಗ್ಗಿ ನೋಡಿದೆ. ಇನ್ನೊಂದು ತುದಿಯನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ತಮ್ಮ ಮುಂಗೈಗೆ ಎರಡು ಸುತ್ತು ಸುತ್ತಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

ಮಾಳಿಗೆಯ ಮೇಲೆ ಗಾಳಿ ತಣ್ಣಗಿತ್ತು. ಒಂದೊಂದೇ ಮನೆಯಲ್ಲಿ ದೀಪ ಹತ್ತುತ್ತಿತ್ತು. ಅಪ್ಪ ಬಾಗಿಸಿದ ಸಲಾಕೆಯನ್ನು ಗುಡ್ಡದ ಕಡೆ ತಿರುಗಿಸಿ, ಬಂತೇನ್ರಿ ಎಂದು ಕೇಳಿದೆ.

“ಬಂತು” ಎಂದು ಕೆಳಗಿನಿಂದ ಅವರ ಹೆಂಡತಿ ಕೂಗಿದಳು. ಹಗ್ಗದ ತುದಿ ಫಕ್ಕೀರಪ್ಪನವರ ಕೈಯಲ್ಲಿ ಸಡಿಲವಾಗಿಯೇ ಇತ್ತು.